ಸರಕಾರವನ್ನೇ ಕೋರ್ಟಿಗೆ ಎಳೆದ ಕೈದಿ

ನಮ್ಮ ಮಡಕಶಿರಾ ಕಡೆ ಇದಕ್ಕೆ ಪಿ.ಡಿ. ಆ್ಯಕ್ಟ್ ಅಂತಾರೆ. ಗಡಿ ದಾಟಿ ಪಾವಗಡಕ್ಕೆ ಹೋದರೆ ಅಂಥದ್ದೇ ಕಾನೂನಿಗೆ ಗೂಂಡಾ ಕಾಯ್ದೆ ಅಂತ ಹೆಸರು. ಎರಡರ ಕೆಲಸವೂ ಒಂದೇ. ತಪ್ಪು ರುಜುವಾತಾಗುವ ಮೊದಲೇ, ಮುಂದೆ ಏನಾದರೂ ಮಾಡಿಯಾನು ಅನ್ನೋ ಅನುಮಾನದ ಮೇಲೆ ಮನುಷ್ಯನನ್ನು ಒಳಗೆ ಹಾಕೋದು. ಇಂಥ ಕಾನೂನನ್ನು ಸುಪ್ರೀಂ ಕೋರ್ಟು ಶುರುವಾದ ವರ್ಷವೇ ಅಲ್ಲಿ ಪ್ರಶ್ನೆ ಮಾಡಿದವರು ಎ.ಕೆ. ಗೋಪಾಲನ್. ಮುಂದೆ 1957, 1962, 1967ರಲ್ಲಿ ಮೂರು ಸಲ ಕಾಸರಗೋಡಿನಿಂದ ಲೋಕಸಭೆಗೆ ಗೆದ್ದವರು. ಅಲ್ಲಿಯ ನಮ್ಮ ಕನ್ನಡಿಗರಿಗೂ ಅವರೇ ಎಂ.ಪಿ. ಅವರ ಕಮ್ಯುನಿಸ್ಟ್ ಪಕ್ಷ ನಮಗೆ ಒಪ್ಪಿಗೆಯಾಗಲಿ ಬಿಡಲಿ, ಅವರ ಜೀವನ ತಿಳಿದಿರಬೇಕು ಅಂತ ನಾನು ಇದನ್ನು ಬರೆಯುತ್ತಿದ್ದೇನೆ.

ಗೋಪಾಲನ್ ಹುಟ್ಟಿದ್ದು 1904ರಲ್ಲಿ, ಕಣ್ಣೂರಿನ ಹತ್ತಿರ. ಕೆಲವು ವರ್ಷ ಶಾಲಾ ಮೇಷ್ಟರಾಗಿದ್ದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದು ಜೈಲು ಕಂಡರು. ಮರುವರ್ಷ ಗುರುವಾಯೂರು ದೇವಸ್ಥಾನ ಎಲ್ಲ ಜಾತಿಯವರಿಗೂ ತೆರೆಯಲಿ ಎಂಬ ಸತ್ಯಾಗ್ರಹದಲ್ಲಿ ಸ್ವಯಂಸೇವಕರ ಮುಂದಾಳಾಗಿ ಏಟು ತಿಂದರು. 1936ರಲ್ಲಿ ಮಲಬಾರಿನಿಂದ ಮದರಾಸಿನವರೆಗೆ ಹಸಿದವರ ಜಾಥಾ ನಡೆಸಿದರು. 1941ರಲ್ಲಿ ವೆಲ್ಲೂರು ಜೈಲಿನಿಂದ ತಪ್ಪಿಸಿಕೊಂಡು ಯುದ್ಧ ಮುಗಿಯೋವರೆಗೂ ತಲೆಮರೆಸಿಕೊಂಡಿದ್ದರು. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುತ್ತಿದ್ದರೆ ಇವರು ಕಣ್ಣೂರು ಜೈಲಿನಲ್ಲಿದ್ದರು. ಹೊರಗೆ ಬಂದರೂ ಅದೇ ಡಿಸೆಂಬರಿನಲ್ಲಿ ಮತ್ತೆ ಒಳಗೆ.

ಆಮೇಲೆ ಅವರ ಮೇಲಿನ ಶಿಕ್ಷೆಗಳು ಕೋರ್ಟಿನಲ್ಲಿ ರದ್ದಾದವು. ಆದರೂ ಬಿಡುಗಡೆ ಆಗಲಿಲ್ಲ. 1950ರ ಫೆಬ್ರವರಿಯಲ್ಲಿ ಮುನ್ನೆಚ್ಚರಿಕೆ ಬಂಧನದ ಹೊಸ ಕಾಯ್ದೆ ಬಂತು. ಮಾರ್ಚ್ 1ಕ್ಕೆ ಆ ಕಾಯ್ದೆಯ ಹುಕುಂ ಜೈಲಿನಲ್ಲೇ ಅವರ ಕೈ ಸೇರಿತು. ಸಂವಿಧಾನ ಜಾರಿಗೆ ಬಂದು ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಗೋಪಾಲನ್ ಅದೇ ಸಂವಿಧಾನ ಹಿಡಿದುಕೊಂಡು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅವರ ಪರವಾಗಿ ವಾದಿಸಿದವರು ಮಂಗಳೂರಿನಲ್ಲಿ ವಕೀಲಿ ಮಾಡಿದ್ದ ಎಂ.ಕೆ. ನಂಬಿಯಾರ್.

ಆ ಕಾಯ್ದೆಯ 14ನೇ ಕಲಮು ವಿಚಿತ್ರವಾಗಿತ್ತು. ಬಂಧನದ ಕಾರಣವನ್ನು ಕೈದಿಗೆ ತಿಳಿಸಬೇಕು, ಸರಿ. ಆದರೆ ಕೈದಿ ಅದನ್ನು ಕೋರ್ಟಿನ ಮುಂದೆ ಹೇಳುವಂತಿಲ್ಲ, ಕೋರ್ಟೂ ಕೇಳುವಂತಿಲ್ಲ! ಮೂಟೆ ಬಿಚ್ಚದೆ ಕಡಲೆಕಾಯಿಗೆ ಧಾರಣೆ ಕಟ್ಟು ಅಂದ ಹಾಗೆ.

1950ರ ಮೇ 19ರಂದು ತೀರ್ಪು ಬಂತು. ಆರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಕಾಯ್ದೆಯನ್ನು ಎತ್ತಿಹಿಡಿದರು, ಫಜಲ್ ಅಲಿ ಮತ್ತು ಮಹಾಜನ್ ಒಪ್ಪಲಿಲ್ಲ. ಗೋಪಾಲನ್ ಸೋತರು. ಆದರೆ 14ನೇ ಕಲಮನ್ನು ಆರೂ ಜನ ಒಮ್ಮತದಿಂದ ಹೊಡೆದುಹಾಕಿದರು. ಮನುಷ್ಯನ ಜೊತೆಗೆ ಕಾರಣಕ್ಕೂ ಬೀಗ ಹಾಕುವ ಅಧಿಕಾರ ಸರಕಾರದ ಕೈ ತಪ್ಪಿತು.

1952ರಲ್ಲಿ ಅದೇ ಕೈದಿ ಕಣ್ಣೂರಿನಿಂದ ಲೋಕಸಭೆಗೆ ಗೆದ್ದು ಬಂದರು. 1961ರಲ್ಲಿ ಒಕ್ಕಲೆಬ್ಬಿಸಿದ ರೈತರಿಗಾಗಿ ಕೇರಳದ ಅಮರಾವತಿಯಲ್ಲಿ ಉಪವಾಸ ಕೂತರು. 1975ರ ತುರ್ತು ಪರಿಸ್ಥಿತಿಯಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು ಅದನ್ನು ವಿರೋಧಿಸಿದರು. 1977ರ ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ಮುಗಿಯಿತು, ಮರುದಿನವೇ ಗೋಪಾಲನ್ ತೀರಿಕೊಂಡರು. ಅವರು ಸೋತಿದ್ದ ವಾದದ ದೊಡ್ಡ ಭಾಗವನ್ನು, ಅಂದರೆ ಸ್ವಾತಂತ್ರ್ಯ ಕಿತ್ತುಕೊಳ್ಳುವ ವಿಧಾನ ನ್ಯಾಯವಾಗಿರಬೇಕು ಅನ್ನೋದನ್ನು, 1978ರಲ್ಲಿ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಒಪ್ಪಿತು.

ಇದು ಕಮ್ಯುನಿಸ್ಟರ ಕಥೆ, ಇಲ್ಲಾಂದ್ರೆ ಭಯೋತ್ಪಾದಕರ ಮಾತು, ನಮಗ್ಯಾಕೆ ಅಂತ ಕೇಳಬಹುದು. ಅಂಗಡಿ ಸಾಹುಕಾರರೇ, 1980ರ ಕಾಳಸಂತೆ ತಡೆ ಕಾಯ್ದೆಯಲ್ಲಿ ವ್ಯಾಪಾರಿಯನ್ನೂ ಹೀಗೇ ಆರು ತಿಂಗಳು ಕೂಡಿಹಾಕಬಹುದು. ಬಾಂಬಿಟ್ಟವನಿಗೆ ಶಿಕ್ಷೆ ಆಗಲೇಬೇಕು. ಆದರೆ ಇಟ್ಟವನು ಅವನೇ ಹೌದೋ ಅಲ್ಲವೋ ಅಂತ ನೋಡೋರು ಹಿಡಿದ ಪೊಲೀಸರಲ್ಲದೆ ಇನ್ನೊಬ್ಬರು ಇರಬೇಕು. ನಾಳೆ ನಮ್ಮ ಮನೆ ಹುಡುಗನನ್ನು ಕರೆದೊಯ್ದರೆ, ಯಾತಕ್ಕೆ ಅಂತ ಕೋರ್ಟಿನಲ್ಲಿ ಕೇಳೋ ಹಕ್ಕು ನಮಗಿದೆ. ಆ ಹಕ್ಕಿಗಾಗಿ ಮೊದಲು ಬಡಿದಾಡಿದ್ದು ಜೈಲಿನಲ್ಲಿದ್ದ ಈ ಮೇಷ್ಟರು.