ಆಲ್ಬರ್ಟ್ ಮೈಕೆಲ್ಸನ್: ಬೆಳಕಿನ ಪಟ್ಟೆಗಳನ್ನು ಅಳೆದ ವಿಜ್ಞಾನಿ

ಆಲ್ಬರ್ಟ್ ಅಬ್ರಹಾಂ ಮೈಕೆಲ್ಸನ್ 1852ರ ಡಿಸೆಂಬರ್ 19ರಂದು ಪ್ರಷ್ಯದ ಸ್ಟ್ರೆಲ್ನೊ ಪಟ್ಟಣದಲ್ಲಿ ಜನಿಸಿದರು. ಕುಟುಂಬ ಅಮೆರಿಕಕ್ಕೆ ವಲಸೆ ಹೋದಾಗ ಅವರಿನ್ನೂ ಹಸುಳೆ. ತಂದೆ ಗಣಿ ಊರುಗಳಲ್ಲಿ ವ್ಯಾಪಾರ ಮಾಡಿ ಸಂಸಾರ ಸಾಗಿಸಿದರು. ಮಗ 1873ರಲ್ಲಿ ನೌಕಾ ಅಕಾಡೆಮಿಯಿಂದ ಪದವಿ ಪಡೆದು, ಅಲ್ಲಿಯೇ ಬೋಧಕರಾಗಿದ್ದಾಗ ಬೆಳಕಿನ ವೇಗವನ್ನು ಅಳೆದು ಹೆಸರಾದರು.

ಬೆಳಕಿನ ಅಲೆಗಳನ್ನು ಹೊರುವ ಈಥರ್ ಎಂಬ ಮಾಧ್ಯಮವು ವಿಶ್ವವನ್ನೆಲ್ಲ ವ್ಯಾಪಿಸಿದೆಯೆಂಬುದು ಅಂದಿನ ವಿದ್ವಾಂಸರ ನಂಬಿಕೆ. ಅದರೊಳಗೆ ಭೂಮಿ ಸೆಕೆಂಡಿಗೆ 30 ಕಿಲೋಮೀಟರಿನಂತೆ ಸಾಗುತ್ತಿರುವುದಾದರೆ ಅದರ ಗುರುತು ಬೆಳಕಿನಲ್ಲಿ ಕಾಣಬೇಕು. ಮೈಕೆಲ್ಸನ್ ಒಂದು ಕಿರಣವನ್ನು ಎರಡಾಗಿ ಸೀಳಿ, ಪರಸ್ಪರ ಲಂಬವಾದ ದಿಕ್ಕುಗಳಿಗೆ ಕಳುಹಿಸಿ, ಮರಳಿ ಕೂಡಿಸಿದರು. ಕೂಡಿದೆಡೆ ಬೆಳಕು ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಉಪಕರಣವನ್ನು ತಿರುಗಿಸಿದಾಗ ಅವು ಸರಿಯಬೇಕು. 1881ರಲ್ಲಿ ಬರ್ಲಿನ್ನಿನ ಬೀದಿ ಸಂಚಾರದ ಕಂಪನಕ್ಕೆ ಪಟ್ಟೆಗಳು ನಿಲ್ಲದಾಗಲು ಪಾಟ್ಸ್‌ಡಾಮಿಗೆ ಹೋದರು. ಅಲ್ಲಿ ನಿರೀಕ್ಷಿತ ಪಲ್ಲಟ ಕಾಣಲಿಲ್ಲ. ನಿಶ್ಚಲ ಈಥರಿನ ಕಲ್ಪನೆಯೇ ತಪ್ಪೆಂದು ಪ್ರಕಟಿಸಿಯೂಬಿಟ್ಟರು.

ಆದರೆ ಅವರ ಲೆಕ್ಕವೇ ತಪ್ಪಿತ್ತು. ಅಡ್ಡಲಾಗಿ ಹೋಗುವ ಕಿರಣದ ಪ್ರಯಾಣಕಾಲವೂ ಹೆಚ್ಚುತ್ತದೆಂಬುದನ್ನು ಅವರು ಗಣಿಸಿರಲಿಲ್ಲ. ಪ್ಯಾರಿಸಿನ ಪೊಟಿಯೇ, ಬಳಿಕ 1886ರಲ್ಲಿ ಹಾಲೆಂಡಿನ ಲೊರೆಂಟ್ಸ್ ಇದನ್ನು ತೋರಿಸಿಕೊಟ್ಟರು. ನಿಜವಾಗಿ ನಿರೀಕ್ಷಿಸಬೇಕಾದ ಪಲ್ಲಟ ಅರ್ಧಕ್ಕಿಳಿಯಿತು: ಪಟ್ಟೆಯ ಅಗಲದ 0.04 ಭಾಗ. ವೀಕ್ಷಣೆಯ ದೋಷವೇ 0.02ರ ಆಸುಪಾಸು. ಇಷ್ಟು ಸ್ಥೂಲವಾದ ಸಾಧನದ ಸಾಕ್ಷ್ಯವನ್ನು ಯಾರು ನಂಬಿಯಾರು?

1887ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಎಡ್ವರ್ಡ್ ಮಾರ್ಲಿಯವರೊಡನೆ ಮೈಕೆಲ್ಸನ್ ಪ್ರಯೋಗವನ್ನು ಮತ್ತೆ ಕೈಗೊಂಡರು. ಪಾದರಸದ ಮೇಲೆ ತೇಲುವ ಮರಳುಗಲ್ಲಿನ ಚಪ್ಪಡಿ. ಅದರ ಮೇಲೆ ಕನ್ನಡಿಗಳಿಂದ ಕನ್ನಡಿಗಳಿಗೆ ಪುಟಿದು 11 ಮೀಟರಿನಷ್ಟಾದ ದಾರಿ. ಲೆಕ್ಕವನ್ನು ನಾವೂ ಮಾಡಿ ನೋಡಬಹುದು. 11 ಮೀಟರಿನಲ್ಲಿ ಬೆಳಕಿನ ಸುಮಾರು 2 ಕೋಟಿ ಅಲೆಗಳು ಹಿಡಿಸುತ್ತವೆ. ಭೂವೇಗ ಮತ್ತು ಬೆಳಕಿನ ವೇಗಗಳ ಅನುಪಾತದ ವರ್ಗ 10 ಕೋಟಿಯಲ್ಲಿ 1. ಗುಣಿಸಿದರೆ 0.2, ಉಪಕರಣವನ್ನು ಕಾಲುಸುತ್ತು ತಿರುಗಿಸಿದಾಗ ಇಮ್ಮಡಿಸಿ 0.4. ಇದು ಹಿಂದಿನದರ ಹತ್ತುಪಟ್ಟು. ಕಂಡದ್ದು ಮಾತ್ರ 0.02ಕ್ಕಿಂತ ಕಡಿಮೆ. ಈ ಬಾರಿ ಸಾಧನವನ್ನು ದೂರುವಂತಿರಲಿಲ್ಲ.

ಈಥರಿನ ಮೇಲಿನ ಮೋಹವನ್ನು ಮೈಕೆಲ್ಸನ್ ಪೂರ್ತಿಯಾಗಿ ಬಿಡಲೇ ಇಲ್ಲವೆಂಬುದು ನಮಗೆ ಸೋಜಿಗ. 1907ರಲ್ಲಿ ಅವರಿಗೆ ನೊಬೆಲ್ ಬಂದದ್ದೂ ಈ ಫಲಿತಾಂಶಕ್ಕಲ್ಲ, ನಿಖರವಾದ ದೃಕ್ ಉಪಕರಣಗಳಿಗೆ ಮತ್ತು ಅವುಗಳಿಂದ ನಡೆಸಿದ ಮಾಪನಗಳಿಗೆ. 1931ರ ಮೇ 9ರಂದು ಪಸಾಡೆನಾದಲ್ಲಿ ತೀರಿಕೊಂಡಾಗಲೂ ಬೆಳಕಿನ ವೇಗವನ್ನು ಅಳೆಯುವ ಇನ್ನೊಂದು ಪ್ರಯೋಗ ನಡೆದೇ ಇತ್ತು. 2015ರಲ್ಲಿ ಗುರುತ್ವ ಅಲೆಗಳನ್ನು ಹಿಡಿದ ಲೈಗೊ ಯಂತ್ರಗಳೂ ಅವರ ಮಾದರಿಯವೇ. ಅಂಥದೊಂದನ್ನು ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಕಟ್ಟಲು ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿತು.