ಬ್ರಿಸ್ಟಲ್ ನಗರದ ಮೇರಿ ಕಾರ್ಪೆಂಟರ್: ಕರುಣೆಗೆ ಲೆಕ್ಕಪುಸ್ತಕ ಇಟ್ಟವರು



ನಮ್ಮ ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ವರ್ಷಕ್ಕೊಮ್ಮೆ ಸೇರಿ ಆಯವ್ಯಯ ಬರೆಯುವುದು ನಿಮಗೆಲ್ಲ ಗೊತ್ತು. ಆವರಣ ಗೋಡೆಗೆ ಒಂದು ಗಂಟೆ, ಧ್ವನಿವರ್ಧಕಕ್ಕೆ ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ಬಡವರ ನೆರವು ಎಂಬ ಸಾಲು ಬಂದಾಗ ಹಿಂದಿನ ವರ್ಷದ ಮೊತ್ತವನ್ನೇ ಬರೆದು ಮುಂದೆ ಹೋಗುತ್ತೇವೆ. ಆ ಹಣ ಯಾರಿಗೆ, ಯಾರ ಕೈಯಿಂದ, ಯಾವ ಗುರಿಗೆ ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಗಳನ್ನು ಜೀವಮಾನವಿಡೀ ಕೇಳುತ್ತ ಬಂದ ಒಬ್ಬ ಮಹಿಳೆಯ ಬದುಕನ್ನು ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇವೆ. ಅವರು ನಮ್ಮ ಸಭೆಯವರಲ್ಲ. ತ್ರೈಏಕ ದೇವರ ವಿಶ್ವಾಸವನ್ನು ಒಪ್ಪದ, ವಿಚಾರಬುದ್ಧಿಗೆ ಹೆಚ್ಚು ಮಹತ್ವ ಕೊಡುವ ಯುನಿಟೇರಿಯನ್ ಎಂಬ ಉದಾರವಾದಿ ಪಂಥಕ್ಕೆ ಸೇರಿದವರು. ಆ ಭೇದವನ್ನು ನಾವು ಮರೆಮಾಚುವುದಿಲ್ಲ; ಅದಕ್ಕಾಗಿ ಅವರ ಕೆಲಸವನ್ನು ಕಡೆಗಣಿಸುವುದೂ ಇಲ್ಲ.

ಮೇರಿ ಕಾರ್ಪೆಂಟರ್ 1807ರ ಏಪ್ರಿಲ್ 3ರಂದು ಇಂಗ್ಲೆಂಡಿನ ಎಕ್ಸಿಟರ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಲ್ಯಾಂಟ್ ಕಾರ್ಪೆಂಟರ್ ಯುನಿಟೇರಿಯನ್ ಬೋಧಕರು. 1817ರಲ್ಲಿ ಅವರಿಗೆ ಬ್ರಿಸ್ಟಲ್ ನಗರದ ಲ್ಯೂಯಿನ್ಸ್ ಮೀಡ್ ಪ್ರಾರ್ಥನಾಲಯದ ಕರೆ ಬಂದಾಗ ಕುಟುಂಬ ಅಲ್ಲಿಗೆ ಹೋಯಿತು. ತಂದೆ ನಡೆಸುತ್ತಿದ್ದ ಶಾಲೆಯಲ್ಲಿ ಹುಡುಗರ ಜೊತೆ ಕುಳಿತು ಮೇರಿ ಲ್ಯಾಟಿನ್, ಗ್ರೀಕ್, ಗಣಿತ, ವಿಜ್ಞಾನ ಕಲಿತರು. ಆ ಕಾಲದ ಹೆಣ್ಣುಮಕ್ಕಳಿಗೆ ಇದು ಸುಲಭವಾಗಿ ಸಿಗುವ ಭಾಗ್ಯವಾಗಿರಲಿಲ್ಲ. ಕೆಲಕಾಲ ಸಿರಿವಂತರ ಮನೆಗಳಲ್ಲಿ ಶಿಕ್ಷಕಿಯಾಗಿದ್ದು, 1829ರಲ್ಲಿ ತಾಯಿಯ ಜೊತೆ ಬ್ರಿಸ್ಟಲ್‌ನಲ್ಲೇ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು.

ಲ್ಯೂಯಿನ್ಸ್ ಮೀಡ್ ಪ್ರಾರ್ಥನಾಲಯದ ಬಗ್ಗೆ ಸ್ವಲ್ಪ ಹೇಳಬೇಕು. 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ ದೊಡ್ಡ ಕಟ್ಟಡವದು. ಅಲ್ಲಿಗೆ ಬರುತ್ತಿದ್ದವರಲ್ಲಿ ನಗರದ ಶ್ರೀಮಂತ ವ್ಯಾಪಾರಿಗಳು ಅನೇಕರು. ಅವರ ಸಾರೋಟುಗಳನ್ನೂ ಕುದುರೆಗಳನ್ನೂ ನಿಲ್ಲಿಸಲು ಪ್ರತ್ಯೇಕ ಲಾಯವೇ ಇತ್ತು. ಬ್ರಿಸ್ಟಲ್ ನಗರದ ಸಂಪತ್ತಿನಲ್ಲಿ ಗುಲಾಮರ ವ್ಯಾಪಾರದ ಮತ್ತು ಗುಲಾಮರು ಬೆಳೆದ ಸಕ್ಕರೆಯ ಪಾಲು ದೊಡ್ಡದಿತ್ತೆಂಬುದು ಇತಿಹಾಸ. ಆದರೆ ಪ್ರಾರ್ಥನಾಲಯದ ಬಾಗಿಲಿನ ಆಚೆಗೆ ಇದ್ದದ್ದು ಇಕ್ಕಟ್ಟಿನ ಕೇರಿಗಳು, ಕುಡುಕರ ಮನೆಗಳು, ಚಿಂದಿ ಉಟ್ಟ ಮಕ್ಕಳು. 1831ರ ಅಕ್ಟೋಬರ್‌ನಲ್ಲಿ ಮತದಾನದ ಸುಧಾರಣೆಯ ವಿಷಯದಲ್ಲಿ ಎದ್ದ ಗಲಭೆಯಲ್ಲಿ ನಗರದ ಮಧ್ಯಭಾಗ ಹೊತ್ತಿ ಉರಿಯಿತು. ಮರುವರ್ಷ ಕಾಲರಾ ಬಂತು. ಸಾರೋಟಿನಲ್ಲಿ ಬರುತ್ತಿದ್ದವರಿಗೆ ಕೇರಿಯವರು ಕಣ್ಣಿಗೆ ಬೀಳತೊಡಗಿದ್ದು ಆಗ. ಮೇರಿ ಆ ವೇಳೆಗಾಗಲೇ ಪ್ರಾರ್ಥನಾಲಯದ ಭಾನುವಾರದ ಶಾಲೆಯ ಹೊಣೆ ಹೊತ್ತು, ಮಕ್ಕಳ ಮನೆಗಳಿಗೆ ಹೋಗಲು ಆರಂಭಿಸಿದ್ದರು.

1833ನೇ ವರ್ಷ ಅವರ ಬದುಕಿನ ದಾರಿಯನ್ನು ತಿರುಗಿಸಿತು. ಆ ವರ್ಷ ಇಬ್ಬರು ಅತಿಥಿಗಳು ಬ್ರಿಸ್ಟಲ್‌ಗೆ ಬಂದರು. ಮೊದಲನೆಯವರು ನಮ್ಮ ರಾಜಾ ರಾಮಮೋಹನ ರಾಯರು. ಸೆಪ್ಟೆಂಬರ್‌ನಲ್ಲಿ ಬಂದ ಅವರು ಲ್ಯಾಂಟ್ ಕಾರ್ಪೆಂಟರ್ ಅವರ ಪ್ರಾರ್ಥನಾಲಯದಲ್ಲಿ ಕುಳಿತು ಪ್ರವಚನ ಕೇಳಿದರು. ಕೆಲವೇ ದಿನಗಳಲ್ಲಿ ಜ್ವರ ಬಂದು, ಸೆಪ್ಟೆಂಬರ್ 27ರಂದು ಅಲ್ಲೇ ತೀರಿಕೊಂಡರು. ಭಾರತ ಎಂಬ ದೇಶ ಮೇರಿಯವರ ಮನಸ್ಸಿನಲ್ಲಿ ನೆಟ್ಟದ್ದು ಆ ದಿನಗಳಲ್ಲಿ; ಅದು ಮೊಳಕೆಯೊಡೆಯಲು ಮೂವತ್ತಮೂರು ವರ್ಷ ಬೇಕಾಯಿತು.

ಎರಡನೆಯವರು ಅಮೆರಿಕದ ಬೋಸ್ಟನ್ ನಗರದ ಬೋಧಕ ಜೋಸೆಫ್ ಟಕರ್‌ಮನ್. ಕಾಲು ಶತಮಾನ ಒಂದು ಸಣ್ಣ ಊರಿನಲ್ಲಿ ಬೋಧಕರಾಗಿದ್ದು, 1826ರಲ್ಲಿ ಅದನ್ನು ಬಿಟ್ಟು, ಯಾವ ಪ್ರಾರ್ಥನಾಲಯಕ್ಕೂ ಸೇರದ ಬಡವರ ಬಳಿಗೆ ಹೋಗುವ ಸೇವೆಯನ್ನು ಆರಂಭಿಸಿದವರು ಅವರು. ಮನೆಮನೆಗೆ ಹೋಗುವುದು, ಆ ಮನೆಯ ಸ್ಥಿತಿಯನ್ನು ತಿಳಿಯುವುದು, ಕಂಡದ್ದನ್ನು ಬರೆದಿಟ್ಟು ವರದಿ ಒಪ್ಪಿಸುವುದು ಅವರ ಕ್ರಮ. 1834ರಲ್ಲಿ ಬೋಸ್ಟನ್‌ನ ಯುನಿಟೇರಿಯನ್ ಸಭೆಗಳು ಸೇರಿ ಈ ಸೇವೆಗೆ ಒಂದು ಒಕ್ಕೂಟವನ್ನೇ ಕಟ್ಟಿದವು. ಬ್ರಿಸ್ಟಲ್‌ನಲ್ಲಿ ಮೇರಿಯವರ ಜೊತೆ ಬಡವರ ಕೇರಿಯಲ್ಲಿ ನಡೆಯುತ್ತಿದ್ದಾಗ, ಹರಕು ಬಟ್ಟೆಯ ಹುಡುಗನೊಬ್ಬ ಅವರ ಮುಂದಿನಿಂದ ಓಡಿ ಮರೆಯಾದನಂತೆ. ಆ ಹುಡುಗನ ಹಿಂದೆ ಅವನ ಮನೆಯವರೆಗೂ ಹೋಗಿ ವಿಚಾರಿಸಬೇಕು ಎಂದು ಟಕರ್‌ಮನ್ ಸಹಜವಾಗಿ ಹೇಳಿದರು. ಆ ಮಾತು ತಮ್ಮನ್ನು ಬಿಡದೆ ಕಾಡಿತೆಂದು ಮೇರಿ ಮುಂದೆ ನೆನೆಯುತ್ತಿದ್ದರು. ಪ್ಯಾರಿಸ್ಸಿನಲ್ಲಿ ಓಝನಾಮ್ ಮತ್ತು ಗೆಳೆಯರು ಬಡವರ ಮನೆಭೇಟಿಗೆಂದು ನಮಗೆಲ್ಲ ಪರಿಚಿತವಾದ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯನ್ನು ಕಟ್ಟಿದ್ದೂ ಇದೇ 1833ರಲ್ಲಿ. ಇವರಿಗೂ ಅವರಿಗೂ ಸಂಬಂಧವಿರಲಿಲ್ಲ. ಎರಡೂ ಕಡೆ ಹೊಳೆದದ್ದು ಮಾತ್ರ ಒಂದೇ ವಿಚಾರ.

1835ರಲ್ಲಿ ಲ್ಯೂಯಿನ್ಸ್ ಮೀಡ್ ಸಭೆಯಲ್ಲಿ ಮೇರಿ ಒಂದು ಭೇಟಿ ಸಂಘವನ್ನು ಕಟ್ಟಿದರು. ಸುತ್ತಲಿನ ಬಡ ಪ್ರದೇಶವನ್ನು ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗವನ್ನು ಸಂಘದ ಸದಸ್ಯರಿಗೆ ಹಂಚಲಾಯಿತು. ನಮ್ಮಲ್ಲಿ ವಾಳೆಗೊಬ್ಬ ಗುರ್ಕಾರ ಇರುವ ಹಾಗೆಯೇ ಎನ್ನಬಹುದು. ತೀರ ಕೆಟ್ಟ ಹೆಸರಿನ ಭಾಗವನ್ನು ಮೇರಿ ತಮಗೇ ಇಟ್ಟುಕೊಂಡರು. ಸಂಘದ ಕಾರ್ಯದರ್ಶಿಯಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದರು. ಹಬ್ಬಕ್ಕೊಮ್ಮೆ ಅಕ್ಕಿಚೀಲ ಕೊಟ್ಟು ಫೋಟೋ ತೆಗೆಸಿಕೊಳ್ಳುವ ನಮ್ಮ ಇಂದಿನ ಸೇವೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಮಗೆ ನಾಚಿಕೆಯಾಗುತ್ತದೆ.

1840ರಲ್ಲಿ ಮನೆಗೆ ದೊಡ್ಡ ಆಘಾತ ಬಂತು. ಆರೋಗ್ಯ ಸುಧಾರಣೆಗೆಂದು ಪ್ರವಾಸದಲ್ಲಿದ್ದ ತಂದೆ ಇಟಲಿಯ ಕಡಲಿನಲ್ಲಿ ರಾತ್ರಿ ಹಡಗಿನಿಂದ ನೀರಿಗೆ ಬಿದ್ದು ತೀರಿಕೊಂಡರು. ಟಕರ್‌ಮನ್ ನಿಧನರಾದದ್ದೂ ಅದೇ ವರ್ಷ. ದಾರಿ ತೋರಿದ ಇಬ್ಬರನ್ನೂ ಕಳೆದುಕೊಂಡ ಮೇರಿ ಬಹುಕಾಲ ಕುಗ್ಗಿಹೋಗಿದ್ದರು. ಅಮೆರಿಕದ ಗುಲಾಮಗಿರಿ ವಿರೋಧಿ ಚಳವಳಿಗೆ ನೆರವಾಗುವುದು ಆಗ ಅವರ ಒಂದು ಆಸಕ್ತಿಯಾಯಿತು. ಆದರೆ ಮನೆಯಂಗಳದ ಕೆಲಸ ಅವರನ್ನು ಮತ್ತೆ ಕರೆಯಿತು.

1846ರ ಆಗಸ್ಟ್‌ನಲ್ಲಿ ಅವರು ಲ್ಯೂಯಿನ್ಸ್ ಮೀಡ್‌ನಲ್ಲಿ ಚಿಂದಿ ಶಾಲೆ ತೆರೆದರು. ಬೇರೆ ಯಾವ ಶಾಲೆಯೂ ಒಳಗೆ ಸೇರಿಸದ, ಮೈ ತೊಳೆಯದ, ಕಾಲಿಗೆ ಪಾದರಕ್ಷೆ ಇಲ್ಲದ ಮಕ್ಕಳಿಗೆ ನಡೆಸುತ್ತಿದ್ದ ಉಚಿತ ಶಾಲೆಗಳಿಗೆ ಆಗ ಅದೇ ಹೆಸರು. ಅಲ್ಲಿ ಪಾಠ ಮಾಡುತ್ತಿದ್ದಾಗ ಅವರಿಗೆ ಒಂದು ಸಂಗತಿ ಅರಿವಾಯಿತು. ಪುಡಿಗಳ್ಳತನಕ್ಕೆ ಸಿಕ್ಕಿಬಿದ್ದ ಮಕ್ಕಳು ದೊಡ್ಡ ಅಪರಾಧಿಗಳ ಜೊತೆ ಸೆರೆಮನೆಗೆ ಹೋಗಿ, ಇನ್ನೂ ಪಳಗಿದ ಕಳ್ಳರಾಗಿ ಹಿಂತಿರುಗುತ್ತಿದ್ದರು. ಎಷ್ಟೇ ಮನೆಭೇಟಿ ಮಾಡಿದರೂ ಕಾನೂನು ಬದಲಾಗದೆ ಇದಕ್ಕೆ ಪರಿಹಾರವಿಲ್ಲ. ಕರುಣೆಯ ಕೆಲಸ ನ್ಯಾಯದ ಕೆಲಸವಾಗಿ ತಿರುಗಿದ್ದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

1851ರಲ್ಲಿ ಮೇರಿ ಸುಧಾರಣಾ ಶಾಲೆಗಳ ಕುರಿತು ಪುಸ್ತಕ ಬರೆದರು. ಬೀದಿಯ ಮಕ್ಕಳು, ಅಪರಾಧದ ಅಂಚಿನಲ್ಲಿರುವವರು, ಶಿಕ್ಷೆಗೊಳಗಾದವರು ಎಂದು ವಿಂಗಡಿಸಿ ಪ್ರತಿಯೊಂದು ಗುಂಪಿಗೂ ಬೇರೆ ಬೇರೆ ಬಗೆಯ ಶಾಲೆ ಬೇಕೆಂದು ಅದರಲ್ಲಿ ವಾದಿಸಿದರು. ಪುಸ್ತಕದ ಹೆಸರಿನಲ್ಲಿ ಈ ಮಕ್ಕಳ ವರ್ಗವನ್ನು ನಾಶವಾಗುತ್ತಿರುವ, ಅಪಾಯಕಾರಿ ವರ್ಗ ಎಂದು ಕರೆದದ್ದು ಇಂದು ನಮ್ಮ ಕಿವಿಗೆ ಕಠೋರವಾಗಿ ಕೇಳುತ್ತದೆ. ಅದೇ ವರ್ಷದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ವಿಷಯದ ಸಮ್ಮೇಳನ ನಡೆಯಿತು. ಅದನ್ನು ಸೇರಿಸಲು ದುಡಿದವರಲ್ಲಿ ಮೇರಿ ಪ್ರಮುಖರು. ಆದರೂ ಸಮ್ಮೇಳನದಲ್ಲಿ ಅವರು ಬಾಯಿ ತೆರೆಯಲಿಲ್ಲ. ಗಂಡಸರ ಸಭೆಯಲ್ಲಿ ಹೆಣ್ಣು ಮಾತಾಡುವುದು ಸರಿಯಲ್ಲವೆಂದು ಅವರೇ ನಂಬಿದ್ದರು. ಮರುವರ್ಷ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಲು ಕರೆದಾಗ ಮಾತ್ರ ಆ ಸಂಕೋಚವನ್ನು ಬದಿಗಿಟ್ಟರು.

ಬರೀ ವಾದ ಸಾಲದು, ಮಾಡಿ ತೋರಿಸಬೇಕು. 1852ರಲ್ಲಿ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನಲ್ಲಿ ಸುಧಾರಣಾ ಶಾಲೆ ಆರಂಭವಾಯಿತು. ಜಾನ್ ವೆಸ್ಲಿ ಅವರು ಹಿಂದೆ ಶಾಲೆ ನಡೆಸಿದ ಜಾಗವನ್ನು ಗೆಳೆಯರೊಬ್ಬರು ಖರೀದಿಸಿಕೊಟ್ಟಿದ್ದರು. ಮೊದಲು ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಇಟ್ಟದ್ದು ಸರಿಹೋಗಲಿಲ್ಲ. ಯೋಜನೆ ತಪ್ಪೆಂದು ಕಂಡಾಗ ಮೇರಿ ಅದಕ್ಕೇ ಅಂಟಿಕೊಂಡು ಕೂರಲಿಲ್ಲ. 1854ರಲ್ಲಿ ಕವಿ ಬೈರನ್ ಅವರ ವಿಧವೆ ಲೇಡಿ ಬೈರನ್ ನಗರದ ರೆಡ್ ಲಾಡ್ಜ್ ಎಂಬ ಹಳೆಯ ಮನೆಯನ್ನು ಕೊಂಡು ಈ ಕೆಲಸಕ್ಕೆ ಒದಗಿಸಿದರು. ಅಕ್ಟೋಬರ್‌ನಲ್ಲಿ ಅಲ್ಲಿ ಹುಡುಗಿಯರಿಗಾಗಿಯೇ ಸುಧಾರಣಾ ಶಾಲೆ ತೆರೆಯಿತು. ಸಾಯುವ ತನಕ, ಅಂದರೆ ಇಪ್ಪತ್ತಮೂರು ವರ್ಷ, ಮೇರಿ ಅದನ್ನು ನಡೆಸಿದರು.

ಅದೇ 1854ರಲ್ಲಿ ಬಾಲಾಪರಾಧಿಗಳ ಕಾಯಿದೆ ಬಂತು. ಸ್ವಯಂಸೇವಕರು ನಡೆಸುವ ಸುಧಾರಣಾ ಶಾಲೆಗಳಿಗೆ ಸರಕಾರದ ಮಾನ್ಯತೆಯೂ ಹಣವೂ ಸಿಗುವಂತಾಯಿತು. ಆದರೆ ಶಾಲೆಗೆ ಕಳುಹಿಸುವ ಮೊದಲು ಮಗುವನ್ನು ಕನಿಷ್ಠ ಹದಿನಾಲ್ಕು ದಿನ ಸೆರೆಮನೆಯಲ್ಲಿ ಇಡಬೇಕೆಂಬ ಷರತ್ತನ್ನು ಅದಕ್ಕೆ ಸೇರಿಸಿದ್ದರು. ಮೇರಿ ಇದನ್ನು ಕೊನೆಯವರೆಗೂ ವಿರೋಧಿಸಿದರು. ಆ ಷರತ್ತು ರದ್ದಾದದ್ದು 1899ರಲ್ಲಿ, ಅವರು ತೀರಿಕೊಂಡು ಇಪ್ಪತ್ತೆರಡು ವರ್ಷವಾದ ಮೇಲೆ. ಹಣದ ವಿಷಯದಲ್ಲಿ ಅವರ ನಿಲುವು ಸ್ಪಷ್ಟವಾಗಿತ್ತು: ಮಕ್ಕಳನ್ನು ಸಾಕುವ ಖರ್ಚಿನ ಹೊಣೆಯನ್ನು ಸರಕಾರ ಹೊರಬೇಕು, ಆದರೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವರನ್ನು ಹೆಸರು ಹಿಡಿದು ಬಲ್ಲವರ ಕೈಯಲ್ಲಿ ಇರಬೇಕು. ಚಿಂದಿ ಶಾಲೆಗಳಿಗೂ ಸರಕಾರದ ಅನುದಾನ ಸಿಗಬೇಕೆಂದು ಅವರು ವರ್ಷಗಟ್ಟಲೆ ಹೋರಾಡಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕಡಿಮೆ.

ಅವರ ದೋಷಗಳನ್ನೂ ಹೇಳಬೇಕು. 1858ರಲ್ಲಿ ಫ್ರಾನ್ಸಿಸ್ ಪವರ್ ಕಾಬ್ ಎಂಬ ಲೇಖಕಿ ಅವರ ಮನೆಯಲ್ಲೇ ಉಳಿದು ಕೆಲಸಕ್ಕೆ ಸೇರಿದರು. ಮೇರಿಯವರಿಗೆ ಊಟದ ರುಚಿಯಾಗಲಿ, ವಿರಾಮವಾಗಲಿ, ಹರಟೆಯಾಗಲಿ ಬೇಕಿರಲಿಲ್ಲ. ಜೊತೆಯಲ್ಲಿ ಇರುವವರಿಗೆ ಅವು ಬೇಕಾಗಬಹುದೆಂಬ ಯೋಚನೆಯೂ ಅವರಿಗೆ ಬರುತ್ತಿರಲಿಲ್ಲ. ಸ್ವಲ್ಪ ಕಾಲದಲ್ಲೇ ಕಾಬ್ ಅವರ ಆರೋಗ್ಯ ಕೆಟ್ಟು ಅಲ್ಲಿಂದ ಹೊರಟರು. ಬಡವರ ದಣಿವನ್ನು ಅಷ್ಟು ಚೆನ್ನಾಗಿ ಕಂಡವರಿಗೆ ಪಕ್ಕದಲ್ಲಿ ಕುಳಿತವರ ದಣಿವು ಕಾಣಲಿಲ್ಲ. ಆದರೆ ಅದೇ ವರ್ಷ ಮೇರಿ ಒಬ್ಬ ಪುಟ್ಟ ಹುಡುಗಿಯನ್ನು ದತ್ತು ತೆಗೆದುಕೊಂಡು ಬೆಳೆಸಿದರೆಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ.

1866ರಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಭಾರತಕ್ಕೆ ಹಡಗು ಹತ್ತಿದರು. ರಾಮಮೋಹನ ರಾಯರ ಕೊನೆಯ ದಿನಗಳ ಕುರಿತ ಅವರ ಪುಸ್ತಕ ಅದೇ ವರ್ಷ ಹೊರಬಂದಿತ್ತು. ಬ್ಯಾರಿಸ್ಟರ್ ಆಗಿ ಸ್ವದೇಶಕ್ಕೆ ಮರಳುತ್ತಿದ್ದ ಮನಮೋಹನ ಘೋಷ್ ಜೊತೆಗಿದ್ದರು. ಅಹಮದಾಬಾದ್, ಮುಂಬೈ, ಮದರಾಸು, ಕಲಕತ್ತೆಗಳಲ್ಲಿ ಅವರು ಶಾಲೆಗಳನ್ನೂ ಸೆರೆಮನೆಗಳನ್ನೂ ನೋಡಿದರು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದವರು ಹೆಚ್ಚಾಗಿ ಗಂಡಸರು. ಹುಡುಗಿಯರು ಸ್ವಲ್ಪ ದೊಡ್ಡವರಾಗುತ್ತಲೇ ಶಾಲೆ ಬಿಡುತ್ತಿದ್ದರು. ಆದ್ದರಿಂದ ಶಿಕ್ಷಕಿಯರನ್ನು ತಯಾರಿಸುವ ತರಬೇತಿ ಶಾಲೆ ಬೇಕೆಂದು ಅವರು ಸರಕಾರದ ಮುಂದೆ ಯೋಜನೆ ಇಟ್ಟರು.

ಕಲಕತ್ತೆಯಲ್ಲಿ ಅವರನ್ನು ಆದರದಿಂದ ಬರಮಾಡಿಕೊಂಡವರಲ್ಲಿ ಈಶ್ವರಚಂದ್ರ ವಿದ್ಯಾಸಾಗರರೂ ಒಬ್ಬರು. ಆ ಡಿಸೆಂಬರ್‌ನಲ್ಲಿ ಉತ್ತರಪಾಡದ ಹೆಣ್ಣುಮಕ್ಕಳ ಶಾಲೆಯನ್ನು ಅವರ ಜೊತೆ ನೋಡಿ ಹಿಂತಿರುಗುವಾಗ ವಿದ್ಯಾಸಾಗರರ ಗಾಡಿ ಮಗುಚಿ ಅವರಿಗೆ ಬಲವಾದ ಪೆಟ್ಟಾಯಿತು. ಆರೋಗ್ಯ ಮತ್ತೆ ಮೊದಲಿನಂತಾಗಲಿಲ್ಲ. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಆಸ್ತಿಯನ್ನೂ ಆಯುಸ್ಸನ್ನೂ ಕೊಟ್ಟ ಇದೇ ವಿದ್ಯಾಸಾಗರರು ತರಬೇತಿ ಶಾಲೆಯ ಯೋಜನೆ ಈಗ ನಡೆಯದೆಂದು 1867ರಲ್ಲಿ ಸರಕಾರಕ್ಕೆ ಬರೆದರು. ಗೌರವಸ್ಥರೆನಿಸಿಕೊಂಡ ಮನೆಗಳು ವಯಸ್ಸಿಗೆ ಬಂದ ಹೆಂಗಸರನ್ನು ಹೊರಗೆ ಕಳುಹಿಸುವುದಿಲ್ಲ, ವಿಧವೆಯರು ಬಂದರೂ ಸಮಾಜ ಅವರನ್ನು ಸಂಶಯದಿಂದ ನೋಡುತ್ತದೆ ಎಂಬುದು ಅವರ ಕಾರಣ. ಉದ್ದೇಶದಲ್ಲಿ ಇಬ್ಬರಿಗೂ ಭೇದವಿರಲಿಲ್ಲ. ಸರಕಾರ ಮೇರಿಯವರ ಮಾತಿನಂತೆ ನಡೆಯಿತು. 1869ರಲ್ಲಿ ಬೆಥೂನ್ ಶಾಲೆಯ ಜೊತೆ ತರಬೇತಿ ಶಾಲೆ ತೆರೆದರು. 1872ರಲ್ಲಿ ಅದನ್ನು ಮುಚ್ಚಬೇಕಾಯಿತು.

ನಾವು ಈ ಘಟನೆಯನ್ನು ಮತ್ತೆ ಮತ್ತೆ ಓದಿದ್ದೇವೆ. ಬ್ರಿಸ್ಟಲ್‌ನಲ್ಲಿ ಮೇರಿ ಮೊದಲು ಮನೆಗೆ ಹೋಗಿ ಆಮೇಲೆ ಯೋಜನೆ ಬರೆದವರು. ಬಂಗಾಳದಲ್ಲಿ ಕೆಲವು ತಿಂಗಳ ಪ್ರವಾಸದ ಮೇಲೆ ಯೋಜನೆ ಬರೆದರು. ಆ ಮನೆಗಳ ಒಳಗನ್ನು ಬಲ್ಲವರ ಮಾತು ಅಲ್ಲಿ ತೂಗಲಿಲ್ಲ. ವಿದ್ಯಾಸಾಗರರು ಹೇಳಿದ್ದೇ ಪೂರ್ತಿ ಸರಿ ಎಂದು ನಾವು ಹೇಳುವುದಿಲ್ಲ. ಎಲ್ಲರೂ ಹದವಾದ ಕಾಲಕ್ಕೆ ಕಾಯುತ್ತ ಕುಳಿತಿದ್ದರೆ ಶಿಕ್ಷಕಿಯರೇ ಹುಟ್ಟುತ್ತಿರಲಿಲ್ಲ.

ಮೇರಿ ಇನ್ನೂ ಮೂರು ಸಲ ಭಾರತಕ್ಕೆ ಬಂದರು, ಕೊನೆಯ ಬಾರಿ 1875ರಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ. 1870ರಲ್ಲಿ ಕೇಶವಚಂದ್ರ ಸೇನರು ಬ್ರಿಸ್ಟಲ್‌ಗೆ ಬಂದಾಗ, ಭಾರತದ ವಿಷಯವನ್ನು ಇಂಗ್ಲಿಷರಿಗೆ ತಿಳಿಸಲು ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದರು. ಇಲ್ಲಿನ ಸೆರೆಮನೆಗಳ ಸ್ಥಿತಿ, ಹತ್ತಿ ಗಿರಣಿಗಳಲ್ಲಿ ದುಡಿಯುವ ಮಕ್ಕಳ ಕಷ್ಟ ಇವುಗಳ ಕುರಿತು ಲಂಡನ್ನಿನ ಅಧಿಕಾರಿಗಳ ಗಮನ ಸೆಳೆದವರಲ್ಲಿ ಅವರೂ ಒಬ್ಬರು. ಹೊಟ್ಟೆಗಿಲ್ಲದ ಮಕ್ಕಳಿಗೆ ಹಗಲು ಊಟವನ್ನೂ ಪಾಠವನ್ನೂ ಕೊಡುವ ಶಾಲೆಗಳು ಬೇಕೆಂದು ಅವರು ಬಹುಕಾಲದಿಂದ ಕೇಳುತ್ತಿದ್ದರು. ಅಂಥ ಶಾಲೆಗಳಿಗೆ 1876ರ ಶಿಕ್ಷಣ ಕಾಯಿದೆಯಲ್ಲಿ ಅವಕಾಶ ದೊರೆಯಿತು.

1877ರ ಜೂನ್ ಮಧ್ಯದ ಒಂದು ರಾತ್ರಿ, ಎಂದಿನಂತೆ ದಿನದ ಕೆಲಸ ಮುಗಿಸಿ ಮಲಗಿದ ಮೇರಿ ನಿದ್ದೆಯಲ್ಲೇ ತೀರಿಕೊಂಡರು. ಬ್ರಿಸ್ಟಲ್‌ನ ಆರ್ನೋಸ್ ವೇಲ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಿದರು. ಅದೇ ಸ್ಮಶಾನದಲ್ಲಿ, ದ್ವಾರಕಾನಾಥ ಠಾಕೂರರು ಕಟ್ಟಿಸಿದ ಛತ್ರಿಯ ಕೆಳಗೆ, ರಾಮಮೋಹನ ರಾಯರ ಸಮಾಧಿಯೂ ಇದೆ.