ಯೂಸುಫ್ ಖಾನ್: ಕಂಪನಿಗಾಗಿ ಕಾದಿ ಕಂಪನಿಯ ಗಲ್ಲಿಗೇರಿದವನು

ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಂದಿರುವ ನಮ್ಮ ಭಾಷಾ ಬಾಂಧವರಿಗೆ ಪೆರಿಯಕುಳಂ ಪರಿಚಿತ ಊರು. 1764ರಲ್ಲಿ ಗಲ್ಲಿಗೇರಿದ ಸೇನಾನಿಯೊಬ್ಬನ ಕಡಿದ ಕಾಲನ್ನು ಇಲ್ಲಿಗೆ ಕಳುಹಿಸಲಾಯಿತೆಂಬ ಪ್ರತೀತಿ ಇದೆ. ಆತನೇ ಮಹಮ್ಮದ್ ಯೂಸುಫ್ ಖಾನ್. ಜನರ ಬಾಯಲ್ಲಿ ಮರುದನಾಯಗಂ, ಖಾನ್ ಸಾಹೇಬ.

ರಾಮನಾಥಪುರ ಸೀಮೆಯ ಪನೈಯೂರು ಆತನ ಹುಟ್ಟೂರೆಂದು ಹೇಳುತ್ತಾರೆ. ಹಿಂದೂ ಕುಲದಲ್ಲಿ ಜನಿಸಿ ಇಸ್ಲಾಂ ಸ್ವೀಕರಿಸಿದ ಈತ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿ ದಳವನ್ನು ಸೇರಿದನು. ಸ್ಟ್ರಿಂಜರ್ ಲಾರೆನ್ಸನ ಕೈಕೆಳಗೆ ಪಳಗಿ, ಕಂಪನಿಯ ಸಿಪಾಯಿಗಳೆಲ್ಲರ ಕಮಾಂಡೆಂಟ್ ಆದನು. ಚಿನ್ನದ ಪದಕವನ್ನೂ ಪಡೆದನು. 1758-59ರಲ್ಲಿ ಫ್ರೆಂಚರು ಮದರಾಸಿಗೆ ಮುತ್ತಿಗೆ ಹಾಕಿದಾಗ ಕೋಟೆಯ ಹೊರಗಿನಿಂದ ಅವರನ್ನು ಕಾಡಿ ಕಂಪನಿಯನ್ನು ಉಳಿಸಲು ನೆರವಾದನು.

ಅದಕ್ಕೆ ಪ್ರತಿಫಲವಾಗಿ ದೊರೆತದ್ದು ಮಧುರೆ, ತಿರುನೆಲ್ವೇಲಿ ಸೀಮೆಗಳ ಗುತ್ತಿಗೆ. ಕಪ್ಪ ಕೊಡಲು ಒಪ್ಪದ ಪಾಳೆಯಗಾರರನ್ನು ಆತ ನಿಷ್ಕರುಣೆಯಿಂದ ತುಳಿದನು. ಕಂಪನಿಗೂ ಆರ್ಕಾಟಿನ ನವಾಬನಿಗೂ ತಲೆಬಾಗದ ಪುಲಿತೇವನ ಕೋಟೆಗಳು 1761ರಲ್ಲಿ ಬಿದ್ದದ್ದು ಈತನ ಕೈಯಲ್ಲಿಯೇ. ದಿಂಡಿಗಲ್ ಆಗ ಮೈಸೂರಿನದು. 1755ರಲ್ಲಿ ಅಲ್ಲಿಗೆ ಫೌಜುದಾರನಾಗಿ ಬಂದವನು ಹೈದರಾಲಿ. 1760ರಲ್ಲಿ ವತ್ತಲಗುಂಡು ಕೋಟೆಗಾಗಿ ಮೈಸೂರು ಪಡೆಯೊಡನೆಯೂ ಯೂಸುಫ್ ಖಾನನ ಪಡೆ ಕಾದಿತು. ಆದರೂ ಆತ ಬರಿಯ ಕತ್ತಿಯ ಮನುಷ್ಯನಾಗಿರಲಿಲ್ಲ. ಮಧುರೆಯ ಮೀನಾಕ್ಷಿ ದೇವಾಲಯಕ್ಕೆ ದತ್ತಿಯನ್ನು ಮರಳಿ ಕೊಟ್ಟನು. ಕಳ್ಳಕಾಕರ ಭಯವನ್ನು ಅಡಗಿಸಿದನು.

ಈತನ ಏಳಿಗೆ ನವಾಬ ಮಹಮ್ಮದಾಲಿಗೆ ಸಹನೆಯಾಗಲಿಲ್ಲ. ಯೂಸುಫ್ ಖಾನ್ ತನ್ನ ಸೇವಕನೆಂದು ನವಾಬನು ಹಟ ಹಿಡಿದಾಗ ಕಂಪನಿ ಅವನ ಪಕ್ಷವನ್ನೇ ವಹಿಸಿತು. ಅಷ್ಟು ವರ್ಷಗಳ ಸೇವೆಗೆ ಸಂದ ಬೆಲೆ ಅಷ್ಟೇ. 1763ರಲ್ಲಿ ಆತ ದಂಗೆಯೆದ್ದು ಮಧುರೆಯ ಮೇಲೆ ಫ್ರೆಂಚ್ ಧ್ವಜವನ್ನು ಏರಿಸಿದನು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಇಂಗ್ಲಿಷರೂ ಫ್ರೆಂಚರೂ ಸಂಧಿ ಮಾಡಿಕೊಂಡಿದ್ದರು. ನಂಬಿದ ಧ್ವಜ ನೆರವಿಗೆ ಬರಲಿಲ್ಲ. ನೆರವಾಗಬಹುದಾಗಿದ್ದ ಪಾಳೆಯಗಾರರ ಬೆನ್ನೆಲುಬನ್ನು ಆತನೇ ಮುರಿದಿದ್ದನು.

ಮೊದಲ ಮುತ್ತಿಗೆಯನ್ನು ಆತ ಹಿಮ್ಮೆಟ್ಟಿಸಿದನು. ಎರಡನೆಯದರಲ್ಲಿ ಕೋಟೆಯೊಳಗೆ ಅನ್ನನೀರು ತೀರುತ್ತ ಬಂದಿತು. 1764ರ ಅಕ್ಟೋಬರ್ 13ರಂದು ಪ್ರಾರ್ಥನೆಯಲ್ಲಿದ್ದ ಆತನನ್ನು ಕಟ್ಟಿ ಒಪ್ಪಿಸಿದವರು ಶತ್ರುಗಳಲ್ಲ: ತನ್ನದೇ ದಿವಾನ ಶ್ರೀನಿವಾಸ ರಾವ್, ತನ್ನದೇ ಫ್ರೆಂಚ್ ಅಧಿಕಾರಿ ಮಾರ್ಶಾನ್ ಮತ್ತು ಅವರ ಸಂಗಡಿಗರು. ಅಕ್ಟೋಬರ್ 15ರಂದು ಮಧುರೆಯಿಂದ ದಿಂಡಿಗಲ್ಲಿಗೆ ಹೋಗುವ ಹಾದಿಯ ಸಮ್ಮಟ್ಟಿಪುರದಲ್ಲಿ ಆತನನ್ನು ಗಲ್ಲಿಗೇರಿಸಿದರು. ಮುಂಡವನ್ನು ಅಲ್ಲಿಯೇ ಹೂಳಿದರು. ಗೋರಿ ಇಂದಿಗೂ ಇದೆ.

ಇಂದು ಆತನನ್ನು ಕೆಲವರು ಸ್ವಾತಂತ್ರ್ಯವೀರನೆನ್ನುತ್ತಾರೆ, ಕೆಲವರು ದ್ರೋಹಿಯೆನ್ನುತ್ತಾರೆ. ಮಕ್ಕಳಿಗೆ ಪಾಠ ಹೇಳುವ ನಾವು ಎರಡರಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವುದು ನ್ಯಾಯವಲ್ಲ. ಕೊನೆಯ ಎರಡು ವರ್ಷಗಳ ಶೌರ್ಯ ನಿಜ; ಅದಕ್ಕೆ ಹಿಂದಿನ ಹತ್ತು ವರ್ಷಗಳ ಸೇವೆಯೂ ನಿಜ. ಪರಕೀಯರು ಈ ನಾಡನ್ನು ಗೆದ್ದದ್ದು ನಾಡವರ ತೋಳಿನಿಂದಲೇ. ಆ ತೋಳು ತನ್ನದೆಂದು ಎಚ್ಚತ್ತು ನೋಡುವ ಹೊತ್ತಿಗೆ, ಯೂಸುಫ್ ಖಾನನ ಪಕ್ಕದಲ್ಲಿ ನಿಲ್ಲುವವರು ಯಾರೂ ಉಳಿದಿರಲಿಲ್ಲ.